ಹೆಸರಿನ ನುಡಿ

ಬೀದರ್
ಶನಿವಾರ, ಮಾರ್ಚ್ 14, 2026

ಪ್ರೀತಿಯ ಆತ್ಯಾ,

ಜೈ ಭೀಮ್. ನಿನಗೆ ಬರೆದ ಇನ್ನೊಂದು ಪತ್ರ ಮೊನ್ನೆಯಿಂದ ನನ್ನ ಮೇಜಿನ ಮೇಲಿತ್ತು. ಅದರಲ್ಲಿ ಒಂದು ಮಾತನ್ನು ಬಿಟ್ಟು ಉಳಿದದ್ದೆಲ್ಲ ಇತ್ತು. ಓದಿ ನೋಡಿದರೆ ಚೆನ್ನಾಗಿಯೇ ಇತ್ತು, ನೀನು ಸಂತೋಷಪಡುತ್ತಿದ್ದೆ. ಅದನ್ನು ಹರಿದು ಇದನ್ನು ಬರೆಯುತ್ತಿದ್ದೇನೆ. ಬಿಟ್ಟ ಮಾತು ಇದು: ಹದಿನೆಂಟು ವರ್ಷದ ಹಿಂದೆ ನಿನ್ನ ಹಾಡಿನ ಫಾರಮ್ಮಿನಲ್ಲಿ, ಹಾಡು ಕಟ್ಟಿದವರ ಹೆಸರು ಎಂಬ ಜಾಗದಲ್ಲಿ, ‘ಪಾರಂಪರಿಕ’ ಎಂದು ಬರೆದದ್ದು ಕಂಪನಿಯವನಲ್ಲ. ನಾನು.

ಮೊದಲ ಸಾಲಿಗೇ ಇದನ್ನು ಹೇಳದಿದ್ದರೆ ಕೊನೆಯ ಸಾಲಿನವರೆಗೂ ಹೇಳುವುದಿಲ್ಲವೆಂದು ನನಗೆ ನನ್ನ ಬಗ್ಗೆ ಗೊತ್ತಿದೆ. ಈಗ ಕೇಳುತ್ತೇನೆ, ನಿನ್ನ ಮೊಣಕಾಲು ಹೇಗಿದೆ? ಔರಾದಿನಲ್ಲಿ ಈಗಲೇ ಬಿಸಿಲು ಏರಿದೆಯಂತೆ. ಹನ್ನೊಂದರ ಮೇಲೆ ಅಂಗಡಿಗೆ ಹೋಗಬೇಡ. ಸಕ್ಕರೆ ಕಾಯಿಲೆಯ ಗುಳಿಗೆ ಊಟಕ್ಕೆ ಮೊದಲು, ಬಿಳಿಯದು ಊಟದ ನಂತರ. ನರಸಿಂಗ ಮಾಮಾ ಕಿವಿಯ ಮಶೀನು ಹಾಕಿಕೊಳ್ಳುತ್ತಾರೋ ಅಥವಾ ನೀನು ಬೈಯಲು ಶುರುಮಾಡಿದಾಗ ಈಗಲೂ ತೆಗೆದು ಜೇಬಿನಲ್ಲಿ ಇಟ್ಟುಕೊಳ್ಳುತ್ತಾರೋ? ಈ ಪತ್ರವನ್ನು ಅವರ ಕೈಯಲ್ಲಿ ಓದಿಸಬೇಡ. ನಲವತ್ತರ ಮೇಲೆ ಸಾಕ್ಷರತಾ ಕೇಂದ್ರಕ್ಕೆ ಹೋಗಿ ಓದು ಕಲಿತವಳು ನೀನು. ನಿನಗಾಗಿಯೇ ಅಕ್ಷರ ದೊಡ್ಡದಾಗಿ ಬರೆದಿದ್ದೇನೆ. ನನ್ನ ಕನ್ನಡ ಬರಹ ಕೆಟ್ಟದ್ದು, ಅದಕ್ಕೆ ಬೈದುಕೋ, ಆದರೆ ತುಟಿ ಅಲ್ಲಾಡಿಸುತ್ತ ನೀನೇ ನಿಧಾನವಾಗಿ ಓದು. ಫೋನಿನಲ್ಲಿ ಹೇಳಬಹುದಿತ್ತು. ಹೇಳಿದ್ದರೆ ಎರಡನೆಯ ವಾಕ್ಯಕ್ಕೇ ನೀನು ‘ಇರ್ಲಿ ಬಿಡವ್ವ ಪನ್ನಿ’ ಅಂದುಬಿಡುತ್ತಿದ್ದೆ, ನಾನೂ ಬಿಟ್ಟುಬಿಡುತ್ತಿದ್ದೆ. ಕಾಗದಕ್ಕೆ ಹಾಗೆ ಅಡ್ಡ ಮಾತಾಡಲು ಬರುವುದಿಲ್ಲ.

ಸುದ್ದಿಯೆಂದರೆ ಕಂಪನಿ ಸಭಾ ಮುಗಿಯಿತು. ಈ ವರ್ಷದ್ದಷ್ಟೇ ಅಲ್ಲ, ಇನ್ನು ಮುಂದೆಯೂ ಇಲ್ಲ. ಕಾಗದದ ಮೇಲೆ ಅದು ‘ಗಡಿನಾಡು ಸಂಗೀತ ಉದ್ಯಮ ಸಮಾವೇಶ’. ಭಾಲ್ಕಿ, ಔರಾದ್ ಕಡೆಯ ಹಾಡುಗಾರರ ಬಾಯಲ್ಲಿ ಮೊದಲಿನಿಂದಲೂ ಕಂಪನಿ ಸಭಾ. ಹಾರ್ಮೋನಿಯಂ ದುರಸ್ತಿಯ ಅಂಗಡಿ ಇಟ್ಟಿರುವ ಮನ್ಮಥಪ್ಪನವರು ಅದನ್ನು ಶುರುಮಾಡಿದ್ದು ಒಂದು ಹಟಕ್ಕೆ. ನಮ್ಮ ಭಜನೆಯವರು, ಭೀಮಗೀತೆಯವರು, ಖವ್ವಾಲಿಯವರು ಹೈದರಾಬಾದಿಗೆ ಹೋಗಿ ಕ್ಯಾಸೆಟ್ ಕಂಪನಿಯ ಮೆಟ್ಟಿಲ ಮೇಲೆ ಕೂರುವ ಬದಲು ಕಂಪನಿಯೇ ವರ್ಷಕ್ಕೊಮ್ಮೆ ಬೀದರಿಗೆ ಬಂದು ನಮ್ಮ ಮುಂದೆ ಕೂರಲಿ ಎಂದು. ಕಂಪನಿಗಳಿಗೆ ಇಂಗ್ಲಿಷಿನಲ್ಲಿ ಪತ್ರ ಬರೆಯುವವರು ಬೇಕಿತ್ತು. ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ನನ್ನನ್ನು ಕಾರ್ಯದರ್ಶಿ ಮಾಡಿದರು. ಆ ಹುದ್ದೆಯ ಬಗ್ಗೆ ನನಗೆಷ್ಟು ಹೆಮ್ಮೆಯಿತ್ತು ಎಂದರೆ ಮದುವೆಯ ಕರೆಯೋಲೆಯಲ್ಲೂ ಹಾಕಿಸಿದ್ದೆ. ನೀನು ಅದನ್ನು ನೋಡಿ, ‘ಗಂಡಿನ ಹೆಸರಿಗಿಂತ ಇದೇ ಉದ್ದ ಅದ’ ಅಂದಿದ್ದೆ.

ಅಲ್ಲಿ ಒಂದು ನಿಯಮವಿತ್ತು, ನಿನಗೆ ನೆನಪಿದೆ. ಒಬ್ಬರಿಗೆ ಒಂದೇ ಪಲ್ಲವಿ, ಒಂದೇ ನುಡಿ. ಒಂದು ದಿನದಲ್ಲಿ ತೊಂಬತ್ತು ಮೇಳಗಳನ್ನು ಕೇಳಿಸಬೇಕಾಗಿತ್ತು, ಬೇರೆ ದಾರಿ ಇರಲಿಲ್ಲ. ಎರಡನೆಯ ನುಡಿಗೆ ಯಾರಾದರೂ ಬಾಯಿ ತೆರೆದರೆ ಮೈಕಿನ ಖಾಜಾ ಮಿಯಾ ನಿಧಾನವಾಗಿ ಗುಂಡಿ ತಿರುಗಿಸಿ ದನಿ ಇಳಿಸುತ್ತಿದ್ದರು. ಹಾಡುವವರ ಬಾಯಿ ಆಡುತ್ತಿತ್ತು, ಹಾಲಿಗೆ ಕೇಳುತ್ತಿರಲಿಲ್ಲ. ಆದರೆ ನಮ್ಮ ಕಡೆ ಹಾಡು ಕಟ್ಟಿದವರ ಹೆಸರು ಬರುವುದು ಕೊನೆಯ ನುಡಿಯಲ್ಲಿ. ಭಾತಂಬ್ರಾದಲ್ಲಿ ಭಜನೆಗೆ ಕೂತವರು ಹೆಸರಿನ ನುಡಿ ಬರುವ ತನಕ ಏಳುವುದಿಲ್ಲ. ಅದಕ್ಕೆ ಮೊದಲು ಎದ್ದರೆ ಉಂಡ ಮನೆಯ ತಾಟಿನಲ್ಲಿ ಕೈ ತೊಳೆದ ಹಾಗೆ ಎಂದು ನೀನೇ ನನಗೆ ಹೇಳಿಕೊಟ್ಟಿದ್ದೆ. ನಾವು ಅಲ್ಲಿ, ಬೆಳಗಿನ ಹತ್ತರಿಂದ ಸಂಜೆ ಆರರವರೆಗೆ, ಎಲ್ಲರ ಹೆಸರಿಗೂ ಮೊದಲೇ ಎದ್ದೇಳುವ ವ್ಯವಸ್ಥೆ ಮಾಡಿಟ್ಟಿದ್ದೆವು. ಹೆಸರಿಗೆ ಫಾರಮ್ಮು ಇದೆಯಲ್ಲ ಎನ್ನುತ್ತಿದ್ದರು ಮನ್ಮಥಪ್ಪನವರು. ಫಾರಮ್ಮು ಇಂಗ್ಲಿಷಿನಲ್ಲಿತ್ತು. ತುಂಬುವವಳು ನಾನು.

2008ರ ಫೆಬ್ರವರಿಯಲ್ಲಿ ನೀನು ಬಂದೆ. ಔರಾದಿನ ಮೊದಲ ಬಸ್ಸಿಗೆ ಹೊರಟು, ಬಾರಿಸುವ ದಿಮಡಿಯನ್ನು ಹಳೆಯ ಟವೆಲ್ಲಿನಲ್ಲಿ ಸುತ್ತಿಕೊಂಡು, ಇನ್ನೊಂದು ಕೈಯಲ್ಲಿ ನನಗೆಂದು ಜೋಳದ ರೊಟ್ಟಿ ಮತ್ತು ಶೇಂಗಾ ಹಿಂಡಿಯ ಗಂಟು. ಆಗ ಹಾಲಿನ ತುಂಬ ಮೂವತ್ತನಾಲ್ಕು ಮಳಿಗೆ. ನಾನು ಹೈದರಾಬಾದಿನಿಂದ ಬಂದಿದ್ದ ಕಂಪನಿಯ ವಿಶ್ವಾಸ ಎಂಬವನ ಜೊತೆ ಇಂಗ್ಲಿಷಿನಲ್ಲಿ ಮಾತಾಡುತ್ತ ನಿಂತಿದ್ದೆ. ನೀನು ಬಾಗಿಲಿನಿಂದಲೇ ‘ಪನ್ನಿ, ಏ ಪನ್ನಿ’ ಎಂದು ಕೂಗಿದೆ. ನಾನು ನಿನ್ನ ಕಡೆ ನೋಡಿ, ಅತಿಥಿಗಳಿಗೆ ಮಾಡುವ ಹಾಗೆ ಕೈ ಮುಗಿದೆ. ನೀನೂ ಮುಗಿದೆ. ಆಮೇಲೆ ಅಂದು ಆ ಹೆಸರಿನಿಂದ ಕರೆಯಲಿಲ್ಲ, ಗಂಟನ್ನು ಕುರ್ಚಿಯ ಕೆಳಗೆ ಸರಿಸಿ ಕೂತೆ. ನಿನಗೆ ಅಷ್ಟಕ್ಕೇ ಅರ್ಥವಾಯಿತೆಂದು ನನಗೆ ಅಂದೇ ಗೊತ್ತಾಗಿತ್ತು.

ನೀನು ಹಾಡಿದ್ದು ‘ಸಾಲಿ ಬಾಗಲಕ ನಿಂತೇನವ್ವ, ಚಪ್ಪಲಿ ಕೈಯಾಗ ಹಿಡಕೊಂಡ’. ಮೊದಲ ನುಡಿ ಮುಗಿದಾಗ ಬೇರೆ ಮೇಳದವರು ತಮ್ಮ ವಾದ್ಯ ಕೆಳಗಿಟ್ಟು ಕೇಳುತ್ತಿದ್ದರು. ಎರಡನೆಯದಕ್ಕೆ ನೀನು ಉಸಿರು ತೆಗೆದುಕೊಂಡೆ, ಖಾಜಾ ಮಿಯಾ ನನ್ನ ಮುಖ ನೋಡಿದರು. ನಾನು ಇಳಿಸಿ ಎಂದು ತಲೆ ಅಲ್ಲಾಡಿಸಿದೆ, ದನಿ ಇಳಿಯಿತು. ವಿಶ್ವಾಸನಿಗೆ ಹಾಡು ಬೇಕೆನಿಸಿತು. ಪೂರ್ತಿ ಹಾಡಿಸಿಕೊಳ್ಳಲು ಅವರಿಗೆ ಸಮಯವಿಲ್ಲ, ಮೂರು ನುಡಿ ಸಾಕು ಎಂದು ಹಿಂದಿನ ಕೋಣೆಯಲ್ಲಿ ಧ್ವನಿ ಹಿಡಿದುಕೊಂಡರು. ನಂತರ ಅವನು ಪೆನ್ನು ನನ್ನ ಕೈಗೆ ಕೊಟ್ಟು ಕೇಳಿದ, ಇದನ್ನು ಕಟ್ಟಿದವರು ಯಾರು, ಆ ಹೆಂಗಸು ನಿಮಗೆ ಗೊತ್ತೇ ಎಂದು. ನೀನು ನಾಲ್ಕು ಮಾರು ದೂರದಲ್ಲಿ ನಿಂತು ನೀರು ಕುಡಿಯುತ್ತಿದ್ದೆ. ಔರಾದ್ ಕಡೆಯ ಗಾಯಕಿ, ಹಾಡು ಹಳೆಯದು, ಜನ ಹಾಡಿಕೊಂಡು ಬಂದದ್ದು ಎಂದೆ ನಾನು. ಬರೆದೆ. ಪೆನ್ನನ್ನು ಅವನಿಗೆ ಹಿಂದಿರುಗಿಸಿದೆ.

ಯಾಕೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಮೊದಲ ಕೆಲವು ವರ್ಷ ನನ್ನಲ್ಲಿ ಒಂದು ಸಿದ್ಧ ಉತ್ತರವಿತ್ತು: ನಮ್ಮ ಹಾಡು ಒಬ್ಬರದಲ್ಲ, ಸಮುದಾಯದ್ದು. ಕೇಳಲು ದೊಡ್ಡದಾಗಿದೆ. ಆದರೆ ಅಂದು ಹಾಡಿದ ಉಳಿದ ಎಂಬತ್ತೊಂಬತ್ತು ಮೇಳಗಳ ಫಾರಮ್ಮಿನಲ್ಲಿ ನಾನು ಹೆಸರು ಕೇಳಿ ಕೇಳಿ ಬರೆದಿದ್ದೆ. ನಿಜವಾದ ಉತ್ತರ ಚಿಕ್ಕದು. ನಿನ್ನ ಹೆಸರು ಬರೆದರೆ ಕೆಳಗಿನ ಸಾಲಿನಲ್ಲಿ ವಿಳಾಸ ಬರೆಯಬೇಕು. ಫೋನಿಲ್ಲದ ನಿನಗೆ ಸಂಪರ್ಕದ ವಿಳಾಸ ನನ್ನ ಮನೆಯದೇ ಆಗಬೇಕು. ಸೋದರತ್ತೆ ಎಂದು ಸಂಬಂಧ ಹೇಳಬೇಕು. ನನ್ನ ಇಂಗ್ಲಿಷಿನಿಂದ ನಾನು ಯಾರ ಮನೆಯವಳೆಂದು ಅವನಿಗೆ ಗೊತ್ತಾಗಿರಲಿಲ್ಲ. ನಿನ್ನ ಹಾಡಿನಿಂದ ಗೊತ್ತಾಗುತ್ತಿತ್ತು. ನಮ್ಮ ಮನೆಯಲ್ಲಿ ಗೋಡೆಯ ಮೇಲೆ ಬಾಬಾಸಾಹೇಬರ ಚಿತ್ರ, ಅಪ್ಪ ರಾಜರತ್ನ ಪ್ರತಿ ಜಯಂತಿಗೆ ಮಾಡುತ್ತಿದ್ದ ಭಾಷಣ, ಎಲ್ಲದರ ಕೆಳಗೇ ಬೆಳೆದವಳು ನಾನು; ಬೇರೆಯವರ ಮಕ್ಕಳಿಗೆ ತಲೆ ಎತ್ತಿ ನಡೆಯಿರಿ ಎಂದು ತರಗತಿಯಲ್ಲಿ ಹೇಳಿದವಳು. ಆ ಒಂದು ನಿಮಿಷ ನನಗೆ ಬೇಕಾಗಿದ್ದದ್ದು ಆ ಮನುಷ್ಯ ನನ್ನ ಬಗ್ಗೆ ಏನೂ ತಿಳಿಯದಿರುವುದು ಮಾತ್ರ. ಅಷ್ಟಕ್ಕೆ ನಿನ್ನನ್ನು ಕೊಟ್ಟೆ.

ಆ ಹಾಡು ಎಲ್ಲಿ ಹುಟ್ಟಿತೆಂದು ಗೊತ್ತಿದ್ದೂ ಕೊಟ್ಟೆ. ಅಮ್ಮ ಹಾಸಿಗೆ ಹಿಡಿದಿದ್ದ ವರ್ಷ ಭಾಲ್ಕಿಯಿಂದ ನನ್ನನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಬೀದರಿನ ಇಂಗ್ಲಿಷ್ ಶಾಲೆಗೆ ಸೇರಿಸಲು ಕರೆತಂದವಳು ನೀನು. ಒಳಗೆ ಹೋಗುವಾಗ ನೀನು ಬುದ್ಧ ವಿಹಾರಕ್ಕೆ ಹೋದ ಹಾಗೆ ಬಾಗಿಲಲ್ಲೇ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡೆ. ನೋಡಿದರೆ ಉಳಿದ ತಾಯಂದಿರೆಲ್ಲ ಚಪ್ಪಲಿ ಹಾಕಿಕೊಂಡೇ ಒಳಗೆ ಹೋಗುತ್ತಿದ್ದರು. ನೀನು ಮತ್ತೆ ಹಾಕಿಕೊಳ್ಳಲೂ ಇಲ್ಲ, ಒಳಗೆ ಬರಲೂ ಇಲ್ಲ. ‘ನೀ ಹೋಗು, ನಾ ಇಲ್ಲೇ ಇರ್ತೇನಿ’ ಎಂದೆ. ಮಧ್ಯಾಹ್ನ ನಾನು ಹೊರಬಂದಾಗಲೂ ಚಪ್ಪಲಿ ನಿನ್ನ ಕೈಯಲ್ಲೇ ಇತ್ತು. ವಾಪಸ್ ಹೋಗುವ ಬಸ್ಸಿನಲ್ಲಿ ಕಿಟಕಿಯ ಸರಳಿಗೆ ಬೆರಳು ಬಡಿಯುತ್ತ ನೀನು ಗುನುಗಿದ್ದು ನನಗೆ ಕೇಳಿಸಿತ್ತು. ನಾನು ಐದು ವರ್ಷದವಳು, ನಿನ್ನ ತೊಡೆಯ ಮೇಲೆ ನಿದ್ದೆಹೋದೆ.

ಸೀಡಿ ಬಂದಾಗ ಯಾರೋ ನಿನಗೆ ಅದರ ಹಿಂಬದಿಯ ಇಂಗ್ಲಿಷ್ ಓದಿ ಹೇಳಿದರು. ನೀನು ಎಸ್ಟೀಡಿ ಬೂತಿಗೆ ಹೋಗಿ ಫೋನ್ ಮಾಡಿ ಕೇಳಿದೆ. ಕಂಪನಿಯವರ ತಪ್ಪು ಎಂದೆ ನಾನು. ನೀನು, ‘ನೀ ಅಲ್ಲೇ ಇದ್ದಿದ್ದಿ ಅಲ್ಲೇನವ್ವ’ ಎಂದೆ. ಅದು ಪ್ರಶ್ನೆಯಾಗಿತ್ತೋ ಅಲ್ಲವೋ ಇಂದಿಗೂ ನನಗೆ ತಿಳಿದಿಲ್ಲ. ಆಮೇಲೆ ‘ಇರ್ಲಿ ಬಿಡು, ರೊಟ್ಟಿ ಗಂಟ ಅಲ್ಲೇ ಬಿಟ್ಟು ಬಂದಿದ್ದೆ, ತಿಂದೀ ಇಲ್ಲೋ’ ಎಂದೆ. ತಿಂದೆ ಎಂದು ನಾನು ಹೇಳಿದೆ. ಅದೂ ಸುಳ್ಳು. ಹಾಲು ಗುಡಿಸಲು ಬರುತ್ತಿದ್ದ ಶಾಕಿರಾ ಬೇಗಂ ಅದನ್ನು ತೆಗೆದುಕೊಂಡು ಹೋಗಿದ್ದರು. ಮರುವರ್ಷ ನನ್ನನ್ನು ಕಂಡಾಗ ಆ ಹಿಂಡಿ ಮಾಡಿದವರು ಯಾರು ಎಂದು ಕೇಳಿದ್ದರು. ಆ ಸಭೆಗೆ ನೀನು ಮತ್ತೆ ಬರಲಿಲ್ಲ. ಹೊಸ ಹಾಡು ಕಟ್ಟಿದ ಸುದ್ದಿಯೂ ನನಗೆ ಮುಟ್ಟಲಿಲ್ಲ. ನಿನ್ನನ್ನು ನಾನು ಕೇಳಲೂ ಇಲ್ಲ.

ಸಭೆ ಕೂಡ ನಂತರ ನಿಧಾನವಾಗಿ ಬತ್ತಿತು. ಸೀಡಿ ಹೋಗಿ ಹಾಡು ತುಂಬಿಸುವ ಮೊಬೈಲ್ ಚಿಪ್ಪು ಬಂದಾಗ ಮಳಿಗೆ ಹದಿನೆಂಟಾಯಿತು. ಹುಡುಗ ಹುಡುಗಿಯರು ತಾವೇ ಹಾಡಿ ತಾವೇ ಫೋನಿನಿಂದ ಜಗತ್ತಿಗೆ ಬಿಡಲು ಕಲಿತ ಮೇಲೆ ಏಳಾಯಿತು. ಕಂಪನಿಗಳು ಮೊದಲು ಮ್ಯಾನೇಜರನ್ನು ಕಳಿಸುತ್ತಿದ್ದವು, ನಂತರ ಅವನ ಸಹಾಯಕನನ್ನು, ನಂತರ ಒಂದು ಕಟ್ಟು ಕಾಗದವನ್ನು. ಕರೆಯಲು ಫೋನ್ ಮಾಡಿದರೆ ಬಗದಲ್‌ನ ಒಬ್ಬ ಖವ್ವಾಲಿಯವನು ನಗುತ್ತ ಹೇಳಿದ, ‘ಬೀದರಕ್ಕ ಬಂದು ಒಂದು ನುಡಿ ಹಾಡೋದಕ್ಕಿಂತ ಮನ್ಯಾಗ ಕುಂತು ಪೂರಾ ಹಾಡ್ತೇನ್ರಿ, ಸಂಜಿತನ ಹತ್ತು ಸಾವಿರ ಮಂದಿ ಕೇಳ್ತಾರ.’ ಅವನ ಮಾತು ಸರಿಯಾಗಿತ್ತು. ನಾವು ಚರ್ಚಾಗೋಷ್ಠಿ ಇಟ್ಟೆವು, ಪ್ರತಿ ವರ್ಷ ಅದೇ ‘ಹೊಸ ಯುಗದ ಅವಕಾಶಗಳು’. ಬ್ಯಾನರಿನಲ್ಲಿ ಇಸವಿಯ ಮೇಲೆ ಮಾತ್ರ ಹೊಸ ಚೀಟಿ ಅಂಟಿಸುತ್ತಿದ್ದೆವು. ಯಾಕೆ ನಿಲ್ಲಿಸಲಿಲ್ಲ ಎಂದರೆ, ಮನ್ಮಥಪ್ಪನವರಿಗೆ ಅದು ಮಗುವಿನ ಹಾಗೆ. ನನಗೆ, ನಿಜ ಹೇಳಬೇಕೆಂದರೆ, ಆ ಹುದ್ದೆಗಾಗಿ ನಾನು ಏನನ್ನು ಕೊಟ್ಟಿದ್ದೆನೋ ಅದಕ್ಕೆ ಬೆಲೆಯಿತ್ತೆಂದು ತೋರಿಸಿಕೊಳ್ಳಬೇಕಿತ್ತು.

ಈ ಸಲ, ಫೆಬ್ರವರಿ 22ರಂದು, ಮಳಿಗೆ ಎರಡು. ಒಂದು ಮದುವೆ ದೀಪಗಳದ್ದು, ಇನ್ನೊಂದು ಮನ್ಮಥಪ್ಪನವರದೇ. ಇನ್ನೂರು ಕುರ್ಚಿಯಲ್ಲಿ ಹತ್ತೊಂಬತ್ತು ಜನ. ಖಾಜಾ ಮಿಯಾ ಗಡ್ಡ ತುರಿಸಿಕೊಳ್ಳುತ್ತ, ‘ಇಷ್ಟ ಮಂದಿಗಿ ಮೈಕ್ ಯಾಕ್ರಿ ಮೇಡಂ, ಬಾಯಿಲೇ ಕೂಗ್ರಿ’ ಎಂದರು. ಮನ್ಮಥಪ್ಪನವರು, ‘ಕುರ್ಚಿ ಬಂದಾವಲ್ಲ, ಮಂದಿ ಹಿಂದಿನ ಬಸ್ಸಿಗಿ ಬರ್ತಾರ’ ಎಂದು ನಗಿಸಿದರು. ಮಧ್ಯಾಹ್ನದವರೆಗೂ ಆಗಾಗ ಬಾಗಿಲ ಕಡೆ ನೋಡುತ್ತಿದ್ದರು. ಎಂಬತ್ತು ದಾಟಿದ ಮನುಷ್ಯ, ಹೊಸ ಅಂಗಿ ಹೊಲಿಸಿಕೊಂಡು ಬಂದಿದ್ದರು.

ಹಾಡಲು ಬಂದಿದ್ದವರು ಮೂರೇ ಜನ. ಅವರಲ್ಲಿ ಒಬ್ಬಳು ಮೆಹಕರದ ದಾನಮ್ಮ, ಮೂವತ್ತರ ಆಸುಪಾಸು, ಹೊಲದ ಕೆಲಸದ ನಡುವೆ ಭಜನೆ ಮೇಳ ನಡೆಸುವವಳು. ಅವಳು ಎತ್ತಿಕೊಂಡದ್ದು ನಿನ್ನ ಹಾಡು. ಆ ಹಾಡು ಈಗ ಎಲ್ಲರ ಫೋನಿನಲ್ಲೂ ಇದೆ, ನಿನಗೆ ಗೊತ್ತಿರಬಹುದು. ನನ್ನ ಮಗಳು ಮಹಾಮಾಯಾ ಕೂಡ ಶಾಲೆಯ ಸಮಾರಂಭಕ್ಕೆ ಅದನ್ನು ‘ಜಾನಪದ ಗೀತೆ’ ಎಂದು ಕಲಿತು ಹಾಡಿದ್ದಳು. ನಾನು ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದ್ದೆ. ದಾನಮ್ಮ ಒಂದು ನುಡಿ ಮುಗಿಸಿ ನಿಯಮದ ಪ್ರಕಾರ ನಿಂತಳು. ಖಾಜಾ ಮಿಯಾ, ‘ಪೂರಾ ಹಾಡವ್ವ, ಈಗ ಯಾರಿಗಿ ಗಡಿಬಿಡಿ ಅದ’ ಎಂದರು. ಅವಳು ಮೂರೂ ನುಡಿ ಹಾಡಿದಳು. ಹತ್ತೊಂಬತ್ತು ಜನ ಎದ್ದೇಳದೆ ಕೂತಿದ್ದರು, ಹೆಸರಿನ ನುಡಿಗೆ ಕಾಯುತ್ತ, ಊರಲ್ಲಿ ಕೂರುವ ಹಾಗೆ. ಆ ಸಭೆಯಲ್ಲಿ ನಾನು ಅದನ್ನು ನೋಡಿದ್ದು ಅದೇ ಮೊದಲು. ದಾನಮ್ಮ ತಾಳ ಕೆಳಗಿಟ್ಟು ಹೇಳಿದಳು, ‘ಇದಕ್ಕ ಹೆಸರಿನ ನುಡಿ ಇಲ್ರಿ. ಎಲ್ಲಾ ಕಡಿ ಕೇಳೀನಿ, ಯಾರಿಗೂ ಗೊತ್ತಿಲ್ಲ. ಆ ಹೆಣ್ಮಗಳು ಚಪ್ಪಲಿ ಯಾಕ ಕೈಯಾಗ ಹಿಡದಾಳ ಅನ್ನೋದೂ ತಿಳಿದಿಲ್ಲ.’ ಆಮೇಲೆ ನನ್ನ ಕಡೆ ತಿರುಗಿ, ‘ಮೇಡಂ, ನೀವು ಭಾಳ ವರ್ಷದಿಂದ ಇಲ್ಲಿ ಅದೀರಿ. ನಿಮಗೇನರ ಗೊತ್ತದೇನ್ರಿ?’ ಎಂದಳು.

ಅವತ್ತಿನವರೆಗೆ ನಾನು ನನಗೇ ಹೇಳಿಕೊಂಡಿದ್ದೆ, ಅಂದು ತುಂಬಿದ ಹಾಲು, ಕಂಪನಿಯವರು, ನನ್ನ ವಯಸ್ಸು ಇಪ್ಪತ್ತಾರು, ಅದಕ್ಕೇ ಹಾಗಾಯಿತು ಎಂದು. ಈ ಸಲ ಹಾಲು ಖಾಲಿ. ಇಂಗ್ಲಿಷ್ ಮಾತಾಡುವ ಯಾರೂ ಇಲ್ಲ. ಯಾರಿಂದಲೂ ನನಗೆ ಆಗಬೇಕಾದ್ದಿಲ್ಲ, ಸಭೆಯೇ ಸಂಜೆಗೆ ಮುಚ್ಚುವುದಿತ್ತು. ಅಲ್ಲಿದ್ದವರಲ್ಲಿ ಆ ಚಪ್ಪಲಿಯ ಬಗ್ಗೆ ಗೊತ್ತಿದ್ದವಳು ನಾನೊಬ್ಬಳೇ. ಮೈಕು ನನ್ನ ಕೈಯಲ್ಲೇ ಇತ್ತು. ‘ಹಳೆಯ ಹಾಡು, ಯಾರದೆಂದು ಗೊತ್ತಿಲ್ಲ’ ಎಂದೆ. ಅದೇ ವಾಕ್ಯ, ಈ ಸಲ ಕನ್ನಡದಲ್ಲಿ.

ಊಟ ಬಡಿಸುವಾಗ ಮನ್ಮಥಪ್ಪನವರು ನನ್ನ ಪಕ್ಕ ಕೂತು, ಸಭೆ ಮುಚ್ಚಿತಲ್ಲ ಎಂಬ ದುಃಖಕ್ಕೆ ನಾನು ಸಪ್ಪಗಿದ್ದೇನೆಂದು ತಿಳಿದು ಸಮಾಧಾನ ಮಾಡಿದರು. ‘ಮೊದಲಿನ ದಿವಸ ಛಲೋ ಇದ್ದವು, ಅಲ್ಲೇನವ್ವ’ ಎಂದರು. ನಾನು ಅವರ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದೆ. ಜನ ಬರುವುದನ್ನು ಯಾಕೆ ಬಿಟ್ಟರೆಂದು ಕೊನೆಯ ವರದಿಯಲ್ಲಿ ನಾಲ್ಕು ಪುಟ ಬರೆದುಕೊಟ್ಟಿದ್ದೇನೆ: ಫೋನು, ಚಿಪ್ಪು, ಕಂಪನಿಗಳ ಧೋರಣೆ. ಬರೆಯುವಾಗ ಅನ್ನಿಸಿತು, ಒಂದೇ ನುಡಿ ಕೇಳಿ ಎದ್ದುಹೋಗುವ ಜಾಗಕ್ಕೆ ಜನ ಇಷ್ಟು ವರ್ಷ ಬಂದದ್ದೇ ಹೆಚ್ಚು. ಅದನ್ನು ವರದಿಯಲ್ಲಿ ಹಾಕಲಿಲ್ಲ. ಮನ್ಮಥಪ್ಪನವರಿಗೆ ನೋವಾಗುತ್ತಿತ್ತು ಎಂಬುದು ಒಂದು ಕಾರಣ. ಎರಡನೆಯದನ್ನು ನೀನು ಊಹಿಸುತ್ತೀ.

ಹಾಡು ಈಗ ಯಾವ ಕಂಪನಿಯ ಕೈಯಲ್ಲಿದೆಯೋ ಅವರಿಗೆ ಬರೆದಿದ್ದೇನೆ. ಹೈದರಾಬಾದಿನ ಕಂಪನಿ ಮುಚ್ಚಿ ಬಹಳ ಕಾಲವಾಯಿತು, ಅದರ ಹಾಡುಗಳನ್ನು ಮುಂಬಯಿಯವರು ಯಾರೋ ಕೊಂಡಿದ್ದಾರೆ. ನಿಮ್ಮ ಪತ್ರ ತಲುಪಿದೆ ಎಂದು ಯಂತ್ರ ಕಳಿಸುವ ಒಂದು ಸಾಲು ಬಂತು, ಮುಂದೆ ಏನೂ ಇಲ್ಲ. ಅವರು ತಿದ್ದುತ್ತಾರೆಂದು ನಿನಗೆ ಆಸೆ ತೋರಿಸುವುದಿಲ್ಲ. ಮಹಾಮಾಯಾಳಿಗೆ ನಿನ್ನೆ ಹೇಳಿದೆ. ಅವಳು ಪರೀಕ್ಷೆಯ ಪುಸ್ತಕ ಮುಚ್ಚಿ, ‘ಅಜ್ಜಿಗೆ ಗೊತ್ತಾ?’ ಎಂದಷ್ಟೇ ಕೇಳಿದಳು.

ಕ್ಷಮಿಸು ಎಂದು ಬರೆಯಲು ಹೋಗಿ ಬಿಟ್ಟಿದ್ದೇನೆ. ಬರೆದರೆ ನೀನು ತಕ್ಷಣ ಕೊಟ್ಟುಬಿಡುತ್ತೀ. ನಿನ್ನಿಂದ ಹಾಗೆ ಪಡೆದದ್ದು ಈಗಾಗಲೇ ಬಹಳವಿದೆ. ಬೇಕಾದಷ್ಟು ದಿನ ಸಿಟ್ಟಿನಲ್ಲಿರು. ನರಸಿಂಗ ಮಾಮಾನಿಗೆ ನನ್ನ ನಮಸ್ಕಾರ. ನಿನ್ನ ಪಾದಕ್ಕೆ ಹಣೆ ಹಚ್ಚಿದ್ದೇನೆ, ಕಾಲು ಎಳೆದುಕೊಂಡರೂ ಸರಿಯೇ.

ನಿನ್ನ ತಮ್ಮನ ಮಗಳು,
ಪ್ರಣಿತಾ

ಮರೆತಿಲ್ಲ, ಧೈರ್ಯ ಸಾಲದೆ ಕೆಳಗೆ ಬರೆಯುತ್ತಿದ್ದೇನೆ: ಗುರುವಾರ ದಾನಮ್ಮನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ, ಹಾಡು ಔರಾದಿನ ಕೌಸಲ್ಯಾಬಾಯಿಯವರದು, ಅವರು ನನ್ನ ಸೋದರತ್ತೆ, ಈಗಲೂ ಇದ್ದಾರೆ ಎಂದು. ನಿನಗಿಂತ ಮೊದಲು ಅವಳಿಗೆ ಹೇಳಿದ್ದು ನಾನು ಹಿಂದೆ ಸರಿಯಬಾರದೆಂದು. ಅವಳು, ‘ಹತ್ತೊಂಬತ್ತು ಮಂದಿ ಮುಂದ ಹೇಳಲಿಕ್ಕಿ ಏನಾಗಿತ್ರಿ ನಿಮಗ?’ ಎಂದು ಕೇಳಿ, ಉತ್ತರಕ್ಕೆ ಕಾಯದೆ ನಿನ್ನ ವಿಳಾಸ ಬರೆದುಕೊಂಡಳು. ಮಾರ್ಚ್ 29ರ ಭಾನುವಾರ ಬೆಳಿಗ್ಗೆ ಔರಾದಿಗೆ ಬರುತ್ತಾಳೆ, ಹೆಸರಿನ ನುಡಿ ನಿನ್ನ ಬಾಯಿಂದ ಕಲಿಯಲು. ಈ ಎಪ್ರಿಲ್ ಜಯಂತಿಗೆ ಭಾಲ್ಕಿಯಲ್ಲಿ ಪೂರ್ತಿ ಹಾಡಬೇಕೆಂದಿದ್ದಾಳೆ. ಆ ನುಡಿ ನನಗೆ ಬರುವುದಿಲ್ಲ, ಆತ್ಯಾ. ಬಸ್ಸಿನಲ್ಲಿ ಅಲ್ಲಿಯವರೆಗೆ ನಾನು ಎಚ್ಚರವಿರಲಿಲ್ಲ, ಆಮೇಲೆ ಒಮ್ಮೆಯೂ ಕೇಳಲಿಲ್ಲ. ಅದು ನಿನ್ನೊಬ್ಬಳಲ್ಲೇ ಇದೆ. ಕೊಡುವುದು ಬಿಡುವುದು ನಿನ್ನ ಇಷ್ಟ. ಬಾಗಿಲಿಂದಲೇ ಕಳಿಸಿದರೂ ಅವಳು ಬೇಸರಪಡುವುದಿಲ್ಲವಂತೆ. ನೀನು ಕರೆಯುವವರೆಗೆ ನಾನು ಬರುವುದಿಲ್ಲ. ಅವಳಿಗಿಂತ ಮೊದಲು ಈ ಕಾಗದ ನಿನ್ನ ಕೈ ಸೇರಬೇಕು. ನಾಳೆ ಅಂಚೆ ಕಚೇರಿ ಇಲ್ಲ. ಸೋಮವಾರ, ಮಾರ್ಚ್ 16ರ ಬೆಳಿಗ್ಗೆ ಹಾಕುತ್ತೇನೆ.